ಖಾಲಿ ಪೊರೆ ಇಟ್ಟುಕೊಂಡು ಟಾರಂಟುಲಾ ಪಾಠ

ಜೀವಂತ ಜೇಡ ಇಲ್ಲದೆ ಟಾರಂಟುಲಾ ಅನ್ನೋ ದೊಡ್ಡ ಕೂದಲು ಜೇಡದ ಬಗ್ಗೆ ಮಕ್ಕಳಿಗೆ ಏನು ಹೇಳ್ತೀರಿ ಅಂತ ನಕ್ಕಿದ್ದ ಮೇಷ್ಟ್ರುಗಳೇ ಈಗ ಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಬರುತ್ತಿದ್ದಾರೆ. ನಮ್ಮದು ಸಕಲೇಶಪುರದ ಹಾನುಬಾಳು ಕಡೆ, ಹಳೇ ಕಾಫಿ ಗೋದಾಮಿನಲ್ಲಿ ಮಾಡಿಕೊಂಡ ಪುಟ್ಟ ಮ್ಯೂಸಿಯಂ.

ಮೊದಲು ದುಡ್ಡು ಕಳೆದ ಕಥೆ. ಆನ್‌ಲೈನ್‌ನಲ್ಲಿ ರಬ್ಬರ್ ಜೇಡ ತರಿಸಿದೆ, 600 ಚಿಲ್ಲರೆ. ಹುಡುಗರು ಅದನ್ನು ಒಬ್ಬರ ಬ್ಯಾಗಿಗೆ ಒಬ್ಬರು ಹಾಕಿ ಕಿರುಚಾಡಿಸಿದರು, ಅಷ್ಟೇ. ಆಮೇಲೆ ರಸ್ತೆಯಲ್ಲಿ ಸತ್ತು ಬಿದ್ದಿದ್ದ ಒಂದನ್ನು ಸ್ಪಿರಿಟ್‌ಗೆ ಹಾಕಿಟ್ಟೆ. ಜಾಡಿ, ಸ್ಪಿರಿಟ್ ಸೇರಿ ಹೆಚ್ಚುಕಮ್ಮಿ ಸಾವಿರ. ಬಣ್ಣ ಬಿಟ್ಟುಕೊಂಡು ಕಂದು ಮುದ್ದೆಯಾಯಿತು. ಮಕ್ಕಳು ಮೂಗು ಮುಚ್ಚಿಕೊಂಡು ಮುಂದಿನ ಕಪಾಟಿಗೆ ಹೋದರು. ಪ್ರೊಜೆಕ್ಟರ್‌ಗೆ 9 ಸಾವಿರ ಸುರಿದದ್ದು ಇನ್ನೂ ಹೊಟ್ಟೆ ಉರಿಸುತ್ತದೆ. ಮಳೆಗಾಲದಲ್ಲಿ ಕರೆಂಟೇ ಇರಲ್ಲ, ಅಲ್ವಾ?

ಕೆಲಸಕ್ಕೆ ಬಂದದ್ದು ಜೇಡ ಕಳಚಿ ಬಿಡುವ, ಪುಕ್ಕಟೆ ಸಿಗುವ ಪೊರೆ. ನಮ್ಮ ತೋಟದ ಧರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಬದಿಯಲ್ಲಿ, ಬಿಲ ಮಾಡುವುದು ಥ್ರಿಗ್ಮೋಪಿಯಸ್ ಅನ್ನೋ ಟಾರಂಟುಲಾ. ಪೊರೆ ಬಿಟ್ಟ ಮೇಲೆ ಅದನ್ನು ಬಿಲದ ಬಾಯಿಗೆ ತಂದು ಹಾಕುತ್ತದೆ. ಮರದ ಪೊಟರೆಯಲ್ಲಿರುವ ಇನ್ನೊಂದು ಟಾರಂಟುಲಾ ಪೊಸಿಲೋಥೀರಿಯಾದ ತಂಟೆಗೆ ಮಾತ್ರ ಹೋಗಬೇಡಿ. ಆ ಇಡೀ ವಂಶ 2019ರಲ್ಲೇ ಸೈಟಿಸ್ ಪಟ್ಟಿಗೆ, ಅಂದರೆ ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ, ಸೇರಿದೆ.

ಸಿಕ್ಕಾಗ ಪೊರೆ ಮುದುಡಿರುತ್ತದೆ. ಒದ್ದೆ ಹತ್ತಿ ಹಾಕಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಕೀಲುಗಳು ಸಡಿಲವಾಗುತ್ತವೆ. ಥರ್ಮಾಕೋಲ್ ಮೇಲೆ ಗುಂಡುಸೂಜಿ ಕೊಟ್ಟು ಕಾಲು ಬಿಡಿಸಿ ಒಣಗಿಸುತ್ತೇನೆ. ಕಷ್ಟವೆಲ್ಲ ಹೊಟ್ಟೆಯ ಚರ್ಮದ್ದು, ಮುಟ್ಟಿದರೆ ಹರಿಯುತ್ತದೆ. ಅದನ್ನು ನಾನು ಉಬ್ಬಿಸಿ ನಿಲ್ಲಿಸುವ ಉಪಾಯ ಬೇರೆ ಇದೆ. ಇಲ್ಲಿಗೆ ಬಂದರೆ ತೋರಿಸುತ್ತೇನೆ, ಬರೆಯಲ್ಲ. ಮೊದಲ ಮಳೆಗಾಲದಲ್ಲಿ ಅರ್ಧಕ್ಕರ್ಧ ಬೂಷ್ಟು ಹಿಡಿದು ಹೋದವು. ಈಗ ಸಿಲಿಕಾ ಜೆಲ್ ಹಾಕಿ, ಡಬ್ಬಿಯ ಮುಚ್ಚಳಕ್ಕೆ ಮೇಣ ಬಳಿಯುತ್ತೇನೆ.

ಮಕ್ಕಳ ಕೈಗೆ ಕೊಡುವುದು ಪೊರೆ ಮತ್ತು ಒಂದು ಭೂತಗನ್ನಡಿ. ಪಾಠ ಅಲ್ಲೇ ಶುರು. ತಲೆಯ ಚಿಪ್ಪು ಡಬ್ಬಿ ಮುಚ್ಚಳದ ಹಾಗೆ ಕಳಚಿರುತ್ತದೆ. ಬೆಳಕಿಗೆ ಹಿಡಿದರೆ ಎಂಟು ಕಣ್ಣಿನ ಜಾಗವೂ ಕಾಣುತ್ತದೆ. ಕರಿ ಹಲ್ಲು ಎರಡೂ ಇಕ್ಕುಳದಂತೆ ಅಡ್ಡ ಬರದೆ, ಜೊತೆಯಾಗಿ ಕೆಳಕ್ಕೆ ಇಳಿದಿರುತ್ತವೆ. ಹೊಟ್ಟೆಯ ಒಳಮೈಯಲ್ಲಿ ನಾಲ್ಕು ಬಿಳಿ ಮಚ್ಚೆ, ಅವೇ ಜೇಡ ಉಸಿರಾಡುವ ‘ಪುಸ್ತಕ ಶ್ವಾಸಕೋಶ’ಗಳ ಪೊರೆ, ಪುಸ್ತಕದ ಹಾಳೆಗಳಂತೆ ಪದರ ಪದರ ಇರುವುದಕ್ಕೆ ಆ ಹೆಸರು. ಮನೆಯ ಗೋಡೆ ಜೇಡಕ್ಕೆ ಎರಡೇ. ಒಬ್ಬ ಪುಟ್ಟ ಹುಡುಗ ಕೇಳಿದ, ‘ಸಾರ್, ಇದರೊಳಗಿದ್ದದ್ದು ಎಲ್ಲೋಯ್ತು?’ ರಬ್ಬರ್ ಜೇಡ ನೋಡಿ ಯಾರೂ ಇದನ್ನು ಕೇಳಿರಲಿಲ್ಲ. ಹೆದರಿಕೊಂಡು ಬಾಗಿಲಲ್ಲೇ ನಿಂತವರೂ ಇದಕ್ಕೆ ಉತ್ತರ ಕೇಳೋಕೆ ಒಳಗೆ ಬಂದರು.

ಸತ್ತ ಜೇಡದ ಕಾಲು ಯಾಕೆ ಮಡಚಿಕೊಳ್ಳುತ್ತದೆ ಅಂತ ಇನ್ನೊಬ್ಬಳು ಹಿಡಿದುಕೊಂಡಳು. ಮೆಡಿಕಲ್ ಶಾಪಿನಿಂದ ಎರಡು ಸಿರಿಂಜು, ಡ್ರಿಪ್ ಪೈಪು ತಂದೆ, 40 ರೂಪಾಯಿ ಆಗಿರಬಹುದು. ನೀರು ತುಂಬಿ, ಎರಡನ್ನೂ ಪೈಪಿನಿಂದ ಜೋಡಿಸಿ ಒಂದನ್ನು ಒತ್ತಿದರೆ ಇನ್ನೊಂದಕ್ಕೆ ಕಟ್ಟಿದ ರಟ್ಟಿನ ಕಾಲು ನೆಟ್ಟಗಾಗುತ್ತದೆ. ಜೇಡ ಕಾಲಿನ ಮುಖ್ಯ ಕೀಲುಗಳನ್ನು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಸತ್ತರೆ ಒತ್ತಡ ಇಲ್ಲ, ಕಾಲು ಒಳಕ್ಕೆ ಹೋಗುತ್ತದೆ. ಪ್ರೊಜೆಕ್ಟರ್‌ನ 9 ಸಾವಿರಕ್ಕಿಂತ ಈ 40 ಜಾಸ್ತಿ ದುಡಿದಿದೆ!

ಪೊರೆ ತಂದವರಿಗೆ 20 ರೂಪಾಯಿ ಕೊಡೋಣ ಅಂತಲೂ ಮಾಡಿದೆ. ಹುಡುಗರು ಗುದ್ದಲಿ ಹಿಡಿದು ಧರೆ ಅಗೆಯಲು ಶುರು ಮಾಡಿದರು. ಆ ವಾರವೇ ನಿಲ್ಲಿಸಿದೆ. ಈಗ ಬಿಲ ಕೆಡಿಸದೆ ತಂದವರ ಹೆಸರನ್ನು ಡಬ್ಬಿ ಮೇಲೆ ಬರೆಯುತ್ತೇನೆ. ತೋಟದ ಕಾರ್ಮಿಕರ ಲೈನ್ ಮನೆ ಮಕ್ಕಳು ಈಗ ಭಾನುವಾರ ಅಪ್ಪ ಅಮ್ಮನನ್ನು ಎಳೆದುಕೊಂಡು ಬಂದು ತಮ್ಮ ಡಬ್ಬಿ ತೋರಿಸುತ್ತವೆ.