ಜೋಮು ಹಿಡಿದ ಸರ್ವರನ್ನು ತಾನಾಗೇ ಎಬ್ಬಿಸುವುದು
ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವವನು ನಾನು. ಬೆಣ್ಣೆ ದೋಸೆಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಫೋನು: 'ಬಿಲ್ ಬರ್ತಾ ಇಲ್ಲ ಸಾರ್, ಲಾರಿ ನಿಂತಿದೆ.' ನೋಡಿದರೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸಿ ನೋಡಿಕೊಳ್ಳುವ ಪ್ರೋಗ್ರಾಮ್) ಹಸಿರಲ್ಲಿ 'ಆಕ್ಟಿವ್' ಅಂತಿದೆ! ಪ್ರೋಸೆಸ್ ಸತ್ತಿಲ್ಲ, ಸುಮ್ನೆ ಜೋಮು ಹಿಡಿದು ಕೂತಿದೆ. ಸರ್ವಿಸ್ ಫೈಲಿನ 'ರೀಸ್ಟಾರ್ಟ್' ಸಾಲು ಸತ್ತದ್ದನ್ನಷ್ಟೇ ಎಬ್ಬಿಸುತ್ತದೆ, ಅಲ್ವಾ?

ಅದಕ್ಕೆ ಪುಟ್ಟ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಫೈಲು) ಬರೆದು ರೂಟ್‌ನ, ಅಂದರೆ ಅಡ್ಮಿನ್ ಖಾತೆಯ, ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೌಲಭ್ಯ) ನಿಮಿಷಕ್ಕೊಮ್ಮೆ ಓಡಿಸಿ. ವೆಬ್ ಪುಟ ತರಿಸುವ ಕರ್ಲ್ ಕಮಾಂಡ್‌ನಿಂದ ಬಿಲ್ಲಿಂಗ್ ಸರ್ವರ್‌ನ ಒಂದು ಪುಟ ಕೇಳಿ, 5 ಸೆಕೆಂಡ್ ಟೈಮ್‌ಔಟ್ ಕೊಡಿ (ಮರೆತರೆ ಕರ್ಲ್ ಕೂಡ ಸರ್ವರ್ ಜೊತೆ ಕಾಯುತ್ತಾ ಕೂರುತ್ತದೆ), ಸತತ 3 ಸಲ ಉತ್ತರ ಬರದಿದ್ದರೆ ಮಾತ್ರ ಸಿಸ್ಟಮ್‌ಡಿಯ ಕಮಾಂಡ್ ಆದ ಸಿಸ್ಟಮ್‌ಸಿಟಿಎಲ್‌ನಿಂದ ರೀಸ್ಟಾರ್ಟ್ ಮಾಡಿಸಿ. ಎಣಿಕೆ ಒಂದು ಫೈಲಿನಲ್ಲಿರಲಿ; ಉತ್ತರ ಬಂದಾಗ, ರೀಸ್ಟಾರ್ಟ್ ಆದಾಗ ಅದನ್ನು 0 ಮಾಡಿ. ಎಬ್ಬಿಸಿದ ಹೊತ್ತನ್ನು ಲಾಗ್‌ಗೆ ಬರೆಸಿ, ಇಲ್ಲದಿದ್ದರೆ ಕಾಯಿಲೆ ಗೊತ್ತೇ ಆಗಲ್ಲ. ಪರೀಕ್ಷೆಗೆ, ವ್ಯಾಪಾರ ಜಾಸ್ತಿ ಇಲ್ಲದ ಹೊತ್ತಲ್ಲಿ, ಪ್ರೋಸೆಸ್‌ಗೆ 'ಕಿಲ್ -ಸ್ಟಾಪ್' (ಸಾಯಿಸದೆ ಸುಮ್ನೆ ನಿಲ್ಲಿಸುವ ಕಮಾಂಡ್) ಕೊಟ್ಟು 3–4 ನಿಮಿಷ ಕಾದು ನೋಡಿ.