ಡಿಂಗನಿಗೆ ದನಿ ಕೊಟ್ಟು ಬೈಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ನಿರ್ದೇಶಕ ಏನಲ್ಲ. ವಾರವಿಡೀ ಆಫೀಸು, ರಜೆ ಸಿಕ್ಕಾಗ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ, ಅಷ್ಟೇ. ಪುತ್ತೂರು ಕಡೆ ನಾನು ಓದಿದ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆ ವಿದ್ಯಾರ್ಥಿಗಳ ಲೆಕ್ಕದಲ್ಲಿ ಒಂದು ಮಕ್ಕಳ ನಾಟಕ ಆಗಬೇಕು ಅಂತ ಫೋನ್ ಬಂತು. "ಡಿಂಗ ಮಾಡುವಾ" ಅಂದುಬಿಟ್ಟೆ. ಯೋಚನೆ ಮಾಡಿ ಹೇಳಿದ್ದಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಡಿಂಗ ಅಂದರೆ ಬಾಲಮಂಗಳ ಅನ್ನುವ ಮಕ್ಕಳ ಪತ್ರಿಕೆಯ ಇಲಿ. ಮೂಲ ಮಲಯಾಳದ್ದು. ಅಲ್ಲಿ ಅವನ ಹೆಸರು ಡಿಂಕನ್, 1983ರಲ್ಲಿ ಶುರುವಾದ ಚಿತ್ರಕಥೆ, ಬರೆದವರು ಎನ್. ಸೋಮಶೇಖರನ್, ಚಿತ್ರ ಬೇಬಿ ಅವರದು. ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಏನೇನೋ ಪ್ರಯೋಗ ಮಾಡಿ, ಅದರಿಂದ ಶಕ್ತಿ ಬಂದ ಇಲಿ. ಕೇರಳದಲ್ಲಿ ಆಮೇಲೆ ಕೆಲವರು ತಮಾಷೆಗೆ ಅವನನ್ನೇ ದೇವರು ಮಾಡಿ ಒಂದು ಮತವನ್ನೇ ಕಟ್ಟಿದರು. ನಮಗೆ ಇದೆಲ್ಲ ಎಲ್ಲಿ ಗೊತ್ತು? ಅವನು ನಮ್ಮ ಗುಡ್ಡೆಯ ಆಚೆ ಕಡೆಯವನು ಅಂತಲೇ ನಾನು ಐದನೇ ಕ್ಲಾಸಿನವರೆಗೂ ನಂಬಿದ್ದೆ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಒಂದು ಗಂಟೆಯೊಳಗೆ ಗಲಾಟೆ ಶುರು. ಆರು ತಿಂಗಳಿಂದ ಬರೀ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಿದ್ದವರೆಲ್ಲ ಎದ್ದು ಕೂತರು. ಅದೇ ಪತ್ರಿಕೆಯ ಲಂಬೋದರ, ಶಕ್ತಿಮದ್ದು ಇಲ್ವಾ? ಇಲಿ ಹೇಗೆ ಹಾರುತ್ತದೆ? ದುಬೈಯಲ್ಲಿರುವ ಒಬ್ಬ "ದಯವಿಟ್ಟು ಹಾಳು ಮಾಡಬೇಡ ಮಾರಾಯ" ಅಂತ ಮಾತ್ರ ಬರೆದ. ನಾನಿನ್ನೂ ಒಂದು ಸಾಲು ಬರೆದಿರಲಿಲ್ಲ!

ಕಥೆ ಸಣ್ಣದೇ ಇಟ್ಟೆ. ಆನೆ ಗುಂಡಿಗೆ ಬೀಳುತ್ತದೆ, ಬೇಟೆಗಾರರು ಬರುತ್ತಾರೆ, ಡಿಂಗ ಬರುತ್ತಾನೆ. ತಲೆನೋವು ಬಂದದ್ದು ಅಳತೆಯಲ್ಲಿ. ಪುಸ್ತಕದಲ್ಲಿ ಇಲಿ ಬೆರಳಷ್ಟು, ಆನೆ ಪುಟದಷ್ಟು. ಸ್ಟೇಜಿನಲ್ಲಿ ಇಲಿಯಾಗುವವನು ಏಳನೇ ಕ್ಲಾಸಿನ ಹುಡುಗ, ಆನೆಯಾಗುವವನೂ ಏಳನೇ ಕ್ಲಾಸಿನವನೇ, ಅದೂ ಇಲಿಗಿಂತ ಗಿಡ್ಡ. ಕೊನೆಗೆ ಆನೆಯನ್ನು ಪೂರ್ತಿ ತೋರಿಸುವುದೇ ಬೇಡ ಅಂದೆ. ಎರಡು ಅಡಿಕೆ ಮರದ ತುಂಡಿಗೆ ಗೋಣಿ ಸುತ್ತಿ ಕಾಲು ಮಾಡಿದೆವು, ಸೈಡಿನ ಪರದೆಯ ಸಂದಿಯಿಂದ ಒಂದು ಸೊಂಡಿಲು ಮಾತ್ರ ಹೊರಗೆ ಬರುತ್ತದೆ, ಉಳಿದ ಆನೆ ನೋಡುವವರ ತಲೆಯೊಳಗೆ. ಸೊಂಡಿಲು ಅಂದರೆ ಅಮ್ಮನ ಹಳೇ ಬೂದು ಪೆಟಿಕೋಟಿಗೆ ಹುಲ್ಲು ತುಂಬಿಸಿದ್ದು. ಇದನ್ನು ಅಮ್ಮನಿಗೆ ನಾಟಕ ಮುಗಿದ ಮೇಲೆ ಹೇಳಿದೆ.

ಹಾರಿಸುವುದಕ್ಕೆ ಹಗ್ಗ, ರಾಟೆ ಅಂತೆಲ್ಲ ಹಿರಿಯರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸ್ಪೈಡರ್‌ಮ್ಯಾನ್ ಮ್ಯೂಸಿಕಲ್ ಮಾಡಿದವರ ಪಾಡು ಓದಿದ್ದೆ. ಸುಮಾರು 75 ಮಿಲಿಯನ್ ಡಾಲರ್ ಸುರಿದರೂ ನಟರು ಬಿದ್ದು ಮೂಳೆ ಮುರಿದುಕೊಂಡರು, ಅಭಿಮಾನಿಗಳು ಕಾಮಿಕ್ಸಿನಲ್ಲಿ ಇಲ್ಲದ ಹೊಸ ಜೇಡದ ಹೆಂಗಸನ್ನು ನಡುವೆ ತುರುಕಿದ್ದೀರಿ ಅಂತ ಸಿಟ್ಟಾದರು, ನಿರ್ದೇಶಕಿಯೇ ಬದಲಾಗಿ, ಅಧಿಕೃತವಾಗಿ ಶುರುವಾಗುವಾಗ 2011ರ ಜೂನ್ ಆಗಿತ್ತು. ನಮ್ಮ ಬಜೆಟ್ಟು ಆರು ಸಾವಿರದ ಇನ್ನೂರು ರೂಪಾಯಿ. ಅದರಲ್ಲಿ ಅವಲಕ್ಕಿ, ಚಹಾದ ಖರ್ಚೂ ಸೇರಿದೆ.

ಕೈ ಹಿಡಿದದ್ದು ಜಪಾನಿನವರು. ಅಲ್ಲಿ ಕಾಮಿಕ್ಸಿನಿಂದ ಮಾಡಿದ ನಾಟಕಗಳಿಗೆ 'ಎರಡೂವರೆ ಆಯಾಮ' ಅಂತಲೇ ಹೆಸರಿದೆ, ಹಾಳೆಗೂ ನಿಜಕ್ಕೂ ನಡುವಿನದು ಅಂತ. 2003ರಲ್ಲಿ ಪ್ರಿನ್ಸ್ ಆಫ್ ಟೆನಿಸ್ ಅನ್ನು ರಂಗಕ್ಕೆ ತಂದಾಗ ಮೊದಲ ಪ್ರದರ್ಶನಕ್ಕೆ ಸೀಟು ತುಂಬಿರಲಿಲ್ಲವಂತೆ, ನೋಡಿದವರೇ ಬೇರೆಯವರಿಗೆ ಹೇಳಿ ಹೇಳಿ ಆಮೇಲೆ ಜನ ಬಂದರು. ಅದರಲ್ಲಿ ಟೆನಿಸ್ ಚೆಂಡೇ ಇಲ್ಲ. ಒಂದು ಬೆಳಕಿನ ಚುಕ್ಕೆ ಓಡುತ್ತದೆ, ಟಪ್ ಅಂತ ಸದ್ದು ಬರುತ್ತದೆ, ಆಟಗಾರ ಬ್ಯಾಟು ಬೀಸುತ್ತಾನೆ. ಇಷ್ಟು ಸಾಕಲ್ವಾ? ನಾವೂ ಲೈಟು ಆರಿಸಿ, ದೊಡ್ಡ ಟಾರ್ಚಿಗೆ ತೂತು ಮಾಡಿದ ರಟ್ಟು ಕಟ್ಟಿ, ಬೆಳಕಿನ ಚುಕ್ಕೆಯನ್ನು ಸಭಾಂಗಣದ ಹಿಂದಿನಿಂದ ಸೀಲಿಂಗ್ ಮೇಲೆ ಓಡಿಸಿದೆವು, ಜೊತೆಗೆ ಚೆಂಡೆ. ಚುಕ್ಕೆ ಸ್ಟೇಜಿಗೆ ಮುಟ್ಟುವ ಹೊತ್ತಿಗೆ ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು ಸ್ವಲ್ಪ ಸ್ವಲ್ಪವೇ ಮುಖ ತೋರಿಸುತ್ತದಲ್ಲ, ಹಾಗೆ ಮೊದಲು ಬಾಲ, ಆಮೇಲೆ ಒಂದು ಕಿವಿ. ಬಾಲ ಸೈಕಲ್ ಟ್ಯೂಬಿನೊಳಗೆ ತಂತಿ ತೂರಿಸಿದ್ದು. ಸುಮ್ನೆ ಹೇಳುವುದಲ್ಲ, ಆ ಬಾಲಕ್ಕೆ ಚಪ್ಪಾಳೆ ಬಿತ್ತು.

ಚಪ್ಪಾಳೆ ಹೊಡೆದವರು ಯಾರು ಅಂತ ನೋಡಿದರೆ ಹಿಂದೆ ಕೂತ ಅಪ್ಪ ಅಮ್ಮಂದಿರು. ಮುಂದೆ ಚಾಪೆಯ ಮೇಲಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಡಿಂಗ ಯಾರು ಅಂತಲೇ ಗೊತ್ತಿಲ್ಲ.

ಇಷ್ಟರವರೆಗೆ ಎಲ್ಲ ಸರಿ ಇತ್ತು. ಡಿಂಗ ಬಾಯಿ ಬಿಟ್ಟ.

ರಿಹರ್ಸಲ್‌ನಲ್ಲಿ ಮೊದಲು ನಾನು ಪುಸ್ತಕದ ಕನ್ನಡದಲ್ಲೇ ಬರೆದಿದ್ದೆ. "ಹೆದರಬೇಡ ಗೆಳೆಯಾ, ನಾನು ಬಂದಿದ್ದೇನೆ!" ಹುಡುಗ ಅದನ್ನು ಹೇಳಿದಾಗಲೆಲ್ಲ ಭಾಷಣ ಸ್ಪರ್ಧೆಗೆ ನಿಂತವನ ಹಾಗೆ ಕೈ ಕಟ್ಟಿಕೊಳ್ಳುತ್ತಿದ್ದ. ಮೂರನೇ ದಿನ ಅವನೇ ಕೇಳಿದ, "ಸರ್, ನಾನು ನನ್ನ ಹಾಗೇ ಹೇಳ್ಲಾ?" ಹೇಳು ಅಂದೆ. ಗುಂಡಿ ಬಗ್ಗಿ ನೋಡಿದ, ಸೊಂಟಕ್ಕೆ ಕೈ ಕೊಟ್ಟ, "ಎಂತ ಮಾರಾಯ, ಇಷ್ಟು ದೊಡ್ಡ ಗುಂಡಿ ಕಾಣಲಿಲ್ವಾ ನಿನಗೆ?" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದನ್ನೇ ಇಟ್ಟೆ.

ನಾಟಕ ಮುಗಿದ ಮೇಲೆ ಒಬ್ಬರು ನೇರ ನನ್ನ ಹತ್ತಿರ ಬಂದರು. ನನಗಿಂತ ಮೂರು ವರ್ಷ ಸೀನಿಯರ್, ಈಗ ಬೆಂಗಳೂರು, ಜೊತೆಗೆ ಏಳೆಂಟು ವರ್ಷದ ಮಗಳು. ಸಿಟ್ಟು ಅನ್ನುವುದಕ್ಕಿಂತ ಜಾಸ್ತಿ ಬೇಜಾರು ಅವರ ಮುಖದಲ್ಲಿತ್ತು. "ಆನೆ ಚೆನ್ನಾಗಿತ್ತು. ಆದರೆ ಡಿಂಗ ಹಾಗೆ ಮಾತಾಡಲ್ಲ."

"ಮತ್ತೆ ಹೇಗೆ ಮಾತಾಡ್ತಾನೆ ಅಣ್ಣ?"

ಬಾಯಿ ತೆರೆದರು, ಮುಚ್ಚಿದರು. "ಹಾಗಲ್ಲ ಅಷ್ಟೇ."

ಮೊದಲು ನನಗೂ ಉರಿಯಿತು. ಒಂದೂವರೆ ತಿಂಗಳು ವಾರ ವಾರ ಬಸ್ಸಿನಲ್ಲಿ ಓಡಾಡಿದವನಿಗೆ ಇದಾ ಸಿಗುವುದು ಅಂತ. ಆ ರಾತ್ರಿ ಗ್ರೂಪಿನಲ್ಲೂ ಇದೇ ಜಗಳ. ಬಾಲ ಉದ್ದ ಆಯಿತು, ಬೇಟೆಗಾರ ಪ್ಯಾಂಟ್ ಹಾಕಬಾರದಿತ್ತು ಅನ್ನುವವರು ಎರಡು ಮೆಸೇಜಿಗೆ ಸುಮ್ಮನಾದರು. ದನಿಯ ವಿಷಯ ಮಾತ್ರ ಹನ್ನೆರಡು ಗಂಟೆಯಾದರೂ ಬಿಡಲಿಲ್ಲ. ಒಬ್ಬಳು ಡಿಂಗನದು ಗಡಸು ದನಿ ಅಂದಳು. ಇನ್ನೊಬ್ಬ ಇಲಿ ಅಂದ ಮೇಲೆ ಕೀರಲು ದನಿ ಅಲ್ವಾ ಅಂದ. ದುಬೈಯವನು ತನ್ನ ಡಿಂಗ ತುಳು ಮಾತಾಡುತ್ತಿದ್ದ ಅಂತ ಆಣೆ ಹಾಕಿದ, ಅವನ ಅಜ್ಜಿ ಕತೆಯನ್ನು ತುಳುವಿನಲ್ಲಿ ಓದಿ ಹೇಳುತ್ತಿದ್ದರಂತೆ.

ಆಗ ಹೊಳೆಯಿತು. ಬಟ್ಟೆ, ಕಿವಿ, ಬಾಲ ಎಲ್ಲ ಹಾಳೆಯ ಮೇಲೆ ಇತ್ತು, ಎಲ್ಲರೂ ಒಂದೇ ನೋಡಿದ್ದು. ದನಿ ಮಾತ್ರ ಅಲ್ಲಿ ಇರಲಿಲ್ಲ. ಅದನ್ನು ಒಬ್ಬೊಬ್ಬರೂ ಒಂಬತ್ತು ಹತ್ತು ವರ್ಷದಲ್ಲಿ ಮನೆಯ ಜಗಲಿಯಲ್ಲಿ ಕೂತು ತಾವೇ ಮಾಡಿಕೊಂಡದ್ದು. ನಾನು ಅಷ್ಟೂ ಜನರ ಡಿಂಗನ ಬಾಯಿ ಮುಚ್ಚಿಸಿ ಒಬ್ಬ ಹುಡುಗನ ದನಿ ಹಾಕಿಬಿಟ್ಟಿದ್ದೆ.

ಹಾಗಂತ ಮುಂದಿನ ಸಲ ಡಿಂಗನನ್ನು ಮೂಗ ಮಾಡುವುದಿಲ್ಲ. ಆ ಹುಡುಗನ ಸಾಲು ನನ್ನ ಸ್ಕ್ರಿಪ್ಟಿಗಿಂತ ಒಳ್ಳೆಯದಿತ್ತು, ಅದರಲ್ಲಿ ನನಗೆ ಸಂಶಯ ಇಲ್ಲ.

ಗ್ರೂಪಿನಲ್ಲಿ ಬರೆದೆ, ಜಗಳ ಸಾಕು, ನಿಮ್ಮ ನಿಮ್ಮ ಡಿಂಗ ಹೇಗೆ ಮಾತಾಡುತ್ತಾನೋ ವಾಯ್ಸ್ ನೋಟ್ ಕಳಿಸಿ. ಬೆಳಗ್ಗೆ ಎದ್ದಾಗ ಹನ್ನೊಂದು ಬಂದಿದ್ದವು, ಒಂದರ ಹಾಗೆ ಇನ್ನೊಂದಿಲ್ಲ. ಬೆಂಗಳೂರಿನ ಸೀನಿಯರ್‌ದು ನಾಲ್ಕು ದಿನ ಬಿಟ್ಟು ಬಂತು, ಹದಿನೈದು ಸೆಕೆಂಡಿನದು. ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ, ಸ್ವಲ್ಪ ನಾಚಿಕೆಯಲ್ಲೇ, "ಹೆದರಬೇಡ, ನಾನಿದ್ದೇನೆ" ಅಂತ. ನನ್ನ ಮೊದಲ ಸ್ಕ್ರಿಪ್ಟಿನಲ್ಲಿದ್ದದ್ದೂ ಹೆಚ್ಚು ಕಡಿಮೆ ಅದೇ. ಹಿಂದಿನಿಂದ ಮಗಳು ಕೂಗಿದ್ದು ಸರಿಯಾಗಿ ಕೇಳುತ್ತದೆ.

"ಅಪ್ಪಾ, ಡಿಂಗ ಹಾಗೆ ಮಾತಾಡಲ್ಲ!"