ಎಡ ಸೀಟಿಗೆ ಅವಸರಪಡದ ಸರಕು ಪೈಲಟ್‌ನ ಲೆಕ್ಕಾಚಾರ

ಸರಕು ವಿಮಾನ ಹಾರಿಸುತ್ತೇನೆ ಎಂದ ಕೂಡಲೇ ಕಿರಿಯ ಪೈಲಟ್‌ಗಳು ಕೇಳುವುದು ಎರಡೇ: ಸಂಬಳ ಎಷ್ಟು, ಯಾವ ವಿಮಾನ? ಎರಡಕ್ಕೂ ಉತ್ತರ ಇರುವುದು ಸೇವಾ ಹಿರಿತನದ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದಿರುವ ಕ್ರಮಸಂಖ್ಯೆಯಲ್ಲಿ. ಸೇರಿದ ದಿನಾಂಕ ಅದನ್ನು ನಿರ್ಧರಿಸುತ್ತದೆ; ಒಂದೇ ದಿನ ಸೇರಿದವರಲ್ಲಿ ನಮ್ಮ ಸಂಸ್ಥೆಯಲ್ಲಿ ವಯಸ್ಸಾದವರು ಮೇಲೆ. ಎಷ್ಟೇ ನಿಪುಣರಾಗಿದ್ದರೂ ಮೇಲಿನವರು ನಿವೃತ್ತರಾಗುವವರೆಗೆ ಅಥವಾ ಬಿಟ್ಟುಹೋಗುವವರೆಗೆ ಆ ಸಂಖ್ಯೆ ಮೇಲೇರುವುದಿಲ್ಲ. ಬೇರೆ ಸಂಸ್ಥೆಗೆ ಹೋದರೆ ಅನುಭವ ಜೊತೆಗೆ ಬರುತ್ತದೆ, ಸಂಖ್ಯೆ ಬರುವುದಿಲ್ಲ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಹೊಸಬರ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಆದ್ದರಿಂದ ಮೊದಲ ವರ್ಷದ ಸಂಬಳ ನೋಡಿ ಸಂಸ್ಥೆ ಆರಿಸುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ.

ಸಂಬಳದ ಲೆಕ್ಕ ಹೀಗಿದೆ. ನಮಗೆ ಗಂಟೆಯ ದರ ಇರುತ್ತದೆ, ಅದು ಸೇವೆಯ ವರ್ಷದೊಂದಿಗೆ ಏರುತ್ತದೆ. ಅದರ ಕೆಳಗೆ ತಿಂಗಳಿಗೆ ಇಷ್ಟು ಗಂಟೆ ಎಂಬ ಕನಿಷ್ಠ ಖಾತರಿ ಇರುತ್ತದೆ. ದರ 100, ಖಾತರಿ 70 ಗಂಟೆ ಎಂದಿಟ್ಟುಕೊಳ್ಳಿ. ಆ ತಿಂಗಳು 55 ಗಂಟೆ ಹಾರಿದರೂ 7000 ಸಿಗುತ್ತದೆ, 82 ಹಾರಿದರೆ 8200. ಇದರ ಮೇಲೆ ನೆಲೆಯಿಂದ ಹೊರಗಿರುವ ಸಮಯಕ್ಕೆ ದಿನಭತ್ಯೆ. ಹೊಸಬರು ಗಮನಿಸದ ಇನ್ನೊಂದು ಷರತ್ತೂ ಒಪ್ಪಂದದಲ್ಲಿರುತ್ತದೆ: ಎಲ್ಲೋ ಹೋಟೆಲಿನಲ್ಲಿ ಎರಡು ದಿನ ಕೂರಿಸಿ ಮೂರು ಗಂಟೆ ಹಾರಿಸಿದರೆ, ಹೊರಗಿದ್ದ ಒಟ್ಟು ಸಮಯದ ಒಂದು ಪಾಲನ್ನು ಹಾರಾಟವೆಂದೇ ಎಣಿಸಿ ಹಣ ಕೊಡಬೇಕು. ಈ ಷರತ್ತು ದುರ್ಬಲವಾಗಿದ್ದರೆ ಗಂಟೆಯ ದರ ಎಷ್ಟೇ ಹೊಳೆಯಲಿ, ನಿಮ್ಮ ದಿನಗಳು ಅಗ್ಗದಲ್ಲಿ ಮಾರಾಟವಾಗುತ್ತವೆ. ಒಪ್ಪಂದ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಆ ಪುಟವನ್ನೇ.

ದೊಡ್ಡ ವಿಮಾನಕ್ಕೆ ದೊಡ್ಡ ಸಂಬಳ ಎಂಬುದು ಎಲ್ಲ ಕಡೆಯೂ ನಿಜವಲ್ಲ. ಅಮೆರಿಕದ ಸರಕು ಸಂಸ್ಥೆ ಯುಪಿಎಸ್‌ನಲ್ಲಿ ಎಲ್ಲ ಮಾದರಿಗಳಿಗೂ ಒಂದೇ ದರದ ಪಟ್ಟಿ. ಅಲ್ಲಿನದೇ ಇನ್ನೊಂದು ಸಂಸ್ಥೆ ಫೆಡೆಕ್ಸ್‌ನಲ್ಲಿ ಅಗಲ ದೇಹದ ವಿಮಾನಗಳಿಗೆ ಬೇರೆ ದರ. ದರ ಒಂದೇ ಆದರೂ ವಿಮಾನ ಬದಲಾದರೆ ಬದುಕು ಬದಲಾಗುತ್ತದೆ. ನನಗೆ ಬೋಯಿಂಗ್ 747ರ ಫಸ್ಟ್ ಆಫೀಸರ್ (ಸಹಪೈಲಟ್) ಹುದ್ದೆಗೂ 757 ಮತ್ತು 767ರ ಹುದ್ದೆಗೂ ಒಟ್ಟಿಗೇ ಅವಕಾಶ ಬಂತು. 747 ಎಂದರೆ ಯಾರಿಗೆ ಆಸೆಯಿಲ್ಲ? 400 ಮಾದರಿಯ ಸರಕು ವಿಮಾನ ನೂರು ಟನ್ನಿಗೂ ಮಿಕ್ಕಿ ಹೊರುತ್ತದೆ, ಮೂತಿ ಮೇಲಕ್ಕೆ ತೆರೆದು ಉದ್ದನೆಯ ಯಂತ್ರಗಳನ್ನು ನುಂಗುತ್ತದೆ, ಕಾಕ್‌ಪಿಟ್‌ನ ಹಿಂದೆ ಮಲಗಲು ಬಂಕ್ ಇದೆ. ಆದರೆ ನಮ್ಮಲ್ಲಿ ಅದರ ರೋಸ್ಟರ್ (ಕೆಲಸದ ವೇಳಾಪಟ್ಟಿ) ಎಂದರೆ ಆಂಕರೇಜ್, ಹಾಂಗ್ ಕಾಂಗ್, ಕಲೋನ್ ಎಂದು ಭೂಮಿ ಸುತ್ತುತ್ತಾ ಎರಡು ವಾರ ಹೊರಗೆ. ಹೆಚ್ಚುವರಿ ಪೈಲಟ್‌ಗಳಿರುವ ದೀರ್ಘ ಹಾರಾಟಗಳಲ್ಲಿ ಕಿರಿಯರ ಪಾಲಿಗೆ ಲ್ಯಾಂಡಿಂಗ್ ಬರುವುದೇ ಅಪರೂಪ. ತೊಂಬತ್ತು ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಎಂಬ ನಿಯಮ ಪೂರೈಸಲು ನನ್ನ ಗೆಳೆಯರು ಸಿಮ್ಯುಲೇಟರ್‌ಗೆ ಹೋಗುತ್ತಿದ್ದರು. ನನಗೆ ವಿಮಾನ ಇಳಿಸುವುದು ಇಷ್ಟ. 767ಕ್ಕೆ ಬಿಡ್ (ಹಿರಿತನದಂತೆ ಹಂಚಿಕೆಯಾಗುವ ಆಯ್ಕೆಯ ಕೋರಿಕೆ) ಹಾಕಿದೆ. 757ಕ್ಕೂ 767ಕ್ಕೂ ಟೈಪ್ ರೇಟಿಂಗ್ (ಆ ಮಾದರಿ ಹಾರಿಸುವ ಪರವಾನಗಿ) ಒಂದೇ, ಆದ್ದರಿಂದ ಒಂದು ವಾರ ಸಾಗರ ದಾಟುತ್ತೇನೆ, ಇನ್ನೊಂದು ವಾರ ರಾತ್ರಿಗೆರಡು ಸಣ್ಣ ಹಾರಾಟ. ಹೊಸ ಮಾದರಿಯ ತರಬೇತಿ ಪಡೆದ ಮೇಲೆ ಕೆಲವು ವರ್ಷ ಅಲ್ಲೇ ಇರಬೇಕೆಂಬ ಕಟ್ಟುಪಾಡೂ ಇರುವುದರಿಂದ ಇದು ಒಂದು ಋತುವಿನ ತೀರ್ಮಾನವಲ್ಲ.

ಕ್ಯಾಪ್ಟನ್ ಹುದ್ದೆ, ಅಂದರೆ ಕಾಕ್‌ಪಿಟ್‌ನ ಎಡ ಸೀಟು, ನನ್ನ ಸಂಖ್ಯೆಗೆ ತೆರೆದಾಗ ನಾನು ಅರ್ಜಿ ಹಾಕಲಿಲ್ಲ. ಸಹೋದ್ಯೋಗಿಗಳು ಇದನ್ನು ಸೋಮಾರಿತನ ಎಂದರು. ನನ್ನ ಲೆಕ್ಕ ಬೇರೆಯಿತ್ತು. ಕ್ಯಾಪ್ಟನ್ ದರ 100 ಆದರೆ ಫಸ್ಟ್ ಆಫೀಸರ್ ದರ ಸುಮಾರು 68. ಹೊಸ ಕ್ಯಾಪ್ಟನ್ ಆ ಪಟ್ಟಿಯಲ್ಲಿ ಕೊನೆಯವನು, ಹಾಗಾಗಿ ನಿಗದಿತ ರೋಸ್ಟರ್ ಇಲ್ಲದೆ ಕರೆಗಾಗಿ ಕಾಯುವ ರಿಸರ್ವ್‌ನಲ್ಲಿ ಕೂರುತ್ತಾನೆ: ಖಾತರಿಯ 70 ಗಂಟೆ, 7000, ಮತ್ತು ಯಾವಾಗ ಬೇಕಾದರೂ ರಿಂಗಾಗುವ ಫೋನ್. ಹಿರಿಯ ಫಸ್ಟ್ ಆಫೀಸರ್ ಆಗಿ ನಾನು 75 ಗಂಟೆಯ ರೋಸ್ಟರ್ ಆರಿಸಿಕೊಂಡು, ಖಾಲಿ ಬಿದ್ದ ಹಾರಾಟಗಳಲ್ಲಿ ಹತ್ತು ಗಂಟೆಯನ್ನು ಒಂದೂವರೆ ಪಟ್ಟು ದರಕ್ಕೆ ಎತ್ತಿಕೊಂಡರೆ 6120. ಮೇಲ್ನೋಟಕ್ಕೆ ದೊಡ್ಡದಾಗಿದ್ದ ಅಂತರ 880ಕ್ಕೆ ಇಳಿಯಿತು. ಆ 880ಕ್ಕೆ ಯಾವ ರಾತ್ರಿ ಎಲ್ಲಿರುತ್ತೇನೆ ಎಂಬ ಖಚಿತತೆಯನ್ನು ಮಾರಲು ಮನಸ್ಸಾಗಲಿಲ್ಲ. ಮಕ್ಕಳಿಲ್ಲದ, ಸಾಲವಿರುವ ಗೆಳೆಯನೊಬ್ಬ ಇದೇ ಲೆಕ್ಕ ನೋಡಿ ಎಡ ಸೀಟಿಗೆ ಹೋದ. ಅವನಿಗೆ ಅದೇ ಸರಿ.

ಇನ್ನು ರಾತ್ರಿ. ಮೆಂಫಿಸ್, ಲೂಯಿವಿಲ್, ಲೈಪ್‌ಜಿಗ್‌ನಂಥ ದೊಡ್ಡ ಹಬ್‌ಗಳ (ಸರಕು ವಿಂಗಡಣೆಯ ಕೇಂದ್ರ ನಿಲ್ದಾಣಗಳ) ಗಡಿಯಾರ ಒಂದೇ ತೆರನದು. ನಡುರಾತ್ರಿಯ ಹೊತ್ತಿಗೆ ಎಲ್ಲ ದಿಕ್ಕಿನಿಂದ ವಿಮಾನಗಳು ಇಳಿಯುತ್ತವೆ, ಪೆಟ್ಟಿಗೆಗಳು ವಿಂಗಡವಾಗುತ್ತವೆ, ಬೆಳಗಿಗೆ ಮುಂಚೆ ಮತ್ತೆ ಹೊರಡುತ್ತವೆ. ದೇಹ ಅತ್ಯಂತ ಮಂಕಾಗಿರುವ ಎರಡರಿಂದ ಆರು ಗಂಟೆಯ ನಡುವೆಯೇ ನಮ್ಮ ಮುಖ್ಯ ಕೆಲಸ. ವಿಂಗಡಣೆಯ ಹೊತ್ತಿನಲ್ಲಿ ಹಬ್‌ನ ನಿದ್ರಾಕೊಠಡಿಯಲ್ಲಿ ಸಿಗುವ ಒಂದೂವರೆ ಗಂಟೆಯನ್ನು ನಾನು ಎಂದೂ ಹರಟೆಗೆ ಕೊಡುವುದಿಲ್ಲ. ಹಗಲು ಎರಡು ಕಂತಿನಲ್ಲಿ ಮಲಗುತ್ತೇನೆ: ಬಂದ ತಕ್ಷಣ ಒಮ್ಮೆ, ಕೆಲಸಕ್ಕೆ ಹೊರಡುವ ಮುಂಚೆ ಇನ್ನೊಮ್ಮೆ. ಬಿಡ್ ಹಾಕುವಾಗ ರಾತ್ರಿಗಳು ಒಟ್ಟಾಗಿ ಬರುವ ರೋಸ್ಟರ್ ಹುಡುಕುತ್ತೇನೆ. ಎರಡು ರಾತ್ರಿ, ಒಂದು ಹಗಲು, ಮತ್ತೆ ರಾತ್ರಿ ಎಂಬ ಕಲಸುಮೇಲೋಗರ ಹಣ ಹೆಚ್ಚಿದ್ದರೂ ಬೇಡ.

ಇದು ಸುಖದ ಪ್ರಶ್ನೆಯಷ್ಟೇ ಅಲ್ಲ. 2013ರ ಆಗಸ್ಟ್ 14ರ ನಸುಕಿನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಳಿಯುತ್ತಿದ್ದ ಯುಪಿಎಸ್‌ನ ಏರ್‌ಬಸ್ ಎ300 ಅಪಘಾತಕ್ಕೀಡಾಗಿ ಇಬ್ಬರೂ ಪೈಲಟ್‌ಗಳು ಸತ್ತರು. ತನಿಖೆ ಪಟ್ಟಿ ಮಾಡಿದ ಅಂಶಗಳಲ್ಲಿ ದಣಿವೂ ಇತ್ತು. ಕೆಲವೇ ತಿಂಗಳ ನಂತರ, 2014ರ ಜನವರಿಯಲ್ಲಿ, ಅಲ್ಲಿ ಜಾರಿಗೆ ಬಂದ ಹೊಸ ವಿಶ್ರಾಂತಿ ನಿಯಮಗಳು ಪ್ರಯಾಣಿಕ ವಿಮಾನಗಳ ಪೈಲಟ್‌ಗಳಿಗೆ ಕಡ್ಡಾಯವಾದವು; ಸರಕಿನವರನ್ನು ಹೊರಗಿಡಲಾಯಿತು. ಪೆಟ್ಟಿಗೆ ಹೊರುವವನಿಗೆ ನಿದ್ದೆ ಕಡಿಮೆ ಸಾಕು ಎಂದು ಯಾವ ಶರೀರಶಾಸ್ತ್ರ ಹೇಳುತ್ತದೋ ನನಗೆ ತಿಳಿಯದು. ದಣಿದಿದ್ದೇನೆ ಎಂದು ಫೋನ್ ಮಾಡಿ ಹಾರಾಟ ಬಿಟ್ಟುಕೊಟ್ಟಿದ್ದೇನೆ. ಆ ತಿಂಗಳು ಹಣ ಸ್ವಲ್ಪ ಕಡಿಮೆ ಬಂತು, ಅಷ್ಟೆ.

ಪ್ರಯಾಣಿಕರಿಲ್ಲದಿದ್ದರೆ ಕೆಲಸ ಹಗುರ ಎನ್ನುವವರು ಅಪಾಯಕಾರಿ ಸರಕಿನ ಪಟ್ಟಿಗೆ ಸಹಿ ಹಾಕಿದವರಲ್ಲ. ಪಂದ್ಯದ ಕುದುರೆಗಳಿದ್ದರೆ ಏರಿಳಿತ ಮತ್ತು ತಿರುವುಗಳು ಮೆದುವಾಗಿರಬೇಕು. ದಿನದ ಮರಿಕೋಳಿಗಳಿದ್ದರೆ ಅವುಗಳ ಬಿಸಿಯೇ ಡೆಕ್ ಅನ್ನು ಕಾಯಿಸುತ್ತದೆ, ಹೂವಿದ್ದರೆ ತಂಪು ಬೇಕು. ನಾನು ಎರಡು ಸಲ ಓದುವುದು ಲಿಥಿಯಂ ಬ್ಯಾಟರಿಯ ಸಾಲನ್ನು. 2010ರ ಸೆಪ್ಟೆಂಬರ್‌ನಲ್ಲಿ ದುಬೈನಿಂದ ಹೊರಟ 747ರಲ್ಲಿ ಅಂಥ ಸರಕಿನ ನಡುವೆ ಬೆಂಕಿ ಹುಟ್ಟಿ, ಕಾಕ್‌ಪಿಟ್ ಹೊಗೆಯಿಂದ ತುಂಬಿ ಇಬ್ಬರೂ ಉಳಿಯಲಿಲ್ಲ. ಸರಕು ತುಂಬುವ ನಮ್ಮ ಮೇನ್ ಡೆಕ್‌ನಲ್ಲಿ ಬೆಂಕಿ ಆರಿಸಲು ಓಡಾಡುವವರು ಯಾರೂ ಇಲ್ಲ. ಗಾಳಿ ತಡೆದು, ಒತ್ತಡ ಇಳಿಸಿ, ಆಮ್ಲಜನಕದ ಕೊರತೆಯಿಂದ ಅದನ್ನು ಅಡಗಿಸಲು ನೋಡುತ್ತೇವೆ. ಅದಕ್ಕೇ ಆಮ್ಲಜನಕದ ಮಾಸ್ಕ್ ಮತ್ತು ಹೊಗೆ ತಡೆಯುವ ಕನ್ನಡಕದ ಪರೀಕ್ಷೆಯನ್ನು ಪ್ರತಿ ಹಾರಾಟಕ್ಕೂ ಪೂರ್ತಿ ಮಾಡುತ್ತೇನೆ, ಎಷ್ಟೇ ತಡವಾಗಿದ್ದರೂ.

ಈಚೆಗೆ ಪಟ್ಟಿಯ ಮೇಲಿನವರು ನಿವೃತ್ತರಾಗಿ, ಕೆಳಗೆ ಹೊಸಬರು ತುಂಬಿದ್ದಾರೆ. 767 ಕ್ಯಾಪ್ಟನ್‌ಗಳ ಸಾಲಿನಲ್ಲಿ ನನ್ನ ಸಂಖ್ಯೆಯನ್ನು ಇಟ್ಟು ನೋಡಿದೆ: ರಿಸರ್ವ್‌ನವರ ಮೇಲೆ, ರೋಸ್ಟರ್ ಸಿಗುವವರ ಸಾಲಿನೊಳಗೆ ಬೀಳುತ್ತದೆ. ಮುಂದಿನ ಬಿಡ್‌ನಲ್ಲಿ ಎಡ ಸೀಟಿಗೆ ಹೆಸರು ಹಾಕುತ್ತಿದ್ದೇನೆ.